‘ಅಲ್ಟಿಮ’ದ ನಾಲ್ಕನೆಯ ಭಾಗ: ಗುಣ ಮತ್ತು ಗಣಿತ

ಒಂದು ಕಾಲದ ಜನರು ಯಾವ ಆಟವನ್ನು ಆಡುತ್ತಿದ್ದರು, ಅದರಲ್ಲಿ ಯಾವುದನ್ನು ಗೆಲುವೆಂದು ಎಣಿಸುತ್ತಿದ್ದರು ಎಂಬುದು ಇತಿಹಾಸಕಾರನು ಉಪೇಕ್ಷಿಸತಕ್ಕ ವಿಷಯವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದ ಐದು ವಿಂಶತಿಗಳಲ್ಲಿ ಎರಡನ್ನು ವಿನೋದಗಳಿಗೂ ಕ್ರೀಡೆಗಳಿಗೂ ಮೀಸಲಿಟ್ಟನು, ಹನ್ನೆರಡನೆಯ ಶತಮಾನದ ಅರಮನೆಯ ಬಾಳನ್ನು ಕುರಿತು ಬರೆಯುವವರು ಆ ಭಾಗಗಳನ್ನು ಬಿಟ್ಟು ಮುಂದೆ ಹೋಗಲಾರರು. ಇಪ್ಪತ್ತನೆಯ ಶತಮಾನದ ಕೊನೆಯ ಪಾದವನ್ನು ಅಭ್ಯಾಸ ಮಾಡುವವರಿಗೆ ಗಣಕಯಂತ್ರದ ಆಟಗಳೂ ಅಂತಹವೇ ಆಕರಗಳು. ಆದರೆ ಈ ಆಕರವನ್ನು ಓದುವ ಬಗೆ ಯಾವುದು? ಶಾಸನವನ್ನು ಓದಿದಂತೆ ಆಟವನ್ನು ಓದಲಾಗದು, ಆಡಿಯೇ ತಿಳಿಯಬೇಕು. ಆಡುವುದಾದರೋ, ಅಂದಿನವನು ಆಡಿದಂತೆ ಇಂದಿನವನು ಆಡಲಾರನು. ಈ ತೊಡಕನ್ನು ಮುಂದಿಟ್ಟುಕೊಂಡು, 1985ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಅಲ್ಟಿಮ’ ಮಾಲೆಯ ನಾಲ್ಕನೆಯ ಆಟವನ್ನು ನಾವು ಇಲ್ಲಿ ಮರಳಿ ಪರಿಶೀಲಿಸಲು ಹೊರಟಿದ್ದೇವೆ. ‘ಕ್ವೆಸ್ಟ್ ಆಫ್ ದಿ ಅವತಾರ್’, ಅಂದರೆ ಅವತಾರನ ಅನ್ವೇಷಣೆ, ಎಂಬುದು ಅದರ ಉಪನಾಮ.

ಆಟದ ಪೂರ್ವೋತ್ತರವನ್ನರಿಯದ ವಾಚಕರಿಗಾಗಿ ಎರಡು ಮಾತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿ ಪ್ರಕಟಪಡಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಲ್ಲಿ ಆಡುವವರು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ದಾಳವುರುಳಿಸಿ ಕಥೆಯನ್ನು ನಡೆಸುತ್ತಾರೆ. ಇಂತಹ ಪಾತ್ರಧಾರಣೆಯ ಆಟವನ್ನು ಗಣಕಯಂತ್ರಕ್ಕೆ ಇಳಿಸುವ ಪ್ರಯತ್ನಗಳು ಆ ದಶಕದಲ್ಲಿಯೇ ಮೊದಲಾದುವು. ಟೆಕ್ಸಾಸಿನಲ್ಲಿ ಬೆಳೆದ ರಿಚರ್ಡ್ ಗ್ಯಾರಿಯಟ್ ಅವರು ಹದಿಹರೆಯದಲ್ಲಿಯೇ ಈ ಕೆಲಸಕ್ಕೆ ಕೈಹಾಕಿದರು. (ಅವರ ತಂದೆ ಓವೆನ್ ಗ್ಯಾರಿಯಟ್ 1973ರಲ್ಲಿ ಸ್ಕೈಲ್ಯಾಬಿಗೆ ಹೋದ ಗಗನಯಾತ್ರಿ; ಮಗನೂ 2008ರಲ್ಲಿ ಅಂತರಿಕ್ಷ ನಿಲ್ದಾಣಕ್ಕೆ ಹೋಗಿಬಂದರು. ಪ್ರಕೃತಕ್ಕೆ ಆ ಕಥೆ ಬೇಡ.) ‘ಅಲ್ಟಿಮ’ದ ಮೊದಲ ಮೂರು ಭಾಗಗಳು 1981, 1982, 1983ರಲ್ಲಿ ಬಂದುವು. ಮೂರರ ಹೂರಣವೂ ಒಂದೇ: ಮೊಂಡೇನನೆಂಬ ಮಾಂತ್ರಿಕ, ಅನಂತರ ಮಿನಾಕ್ಸ್ ಎಂಬ ಮಾಂತ್ರಿಕಳು, ಅನಂತರ ಎಕ್ಸೊಡಸ್ ಎಂಬ ಇನ್ನೊಂದು ಪೀಡೆ, ಹೀಗೆ ದುಷ್ಟಶಕ್ತಿಗಳನ್ನು ಒಂದಾದಮೇಲೊಂದರಂತೆ ಸಂಹರಿಸುವುದು.

ಮೂರನೆಯ ಭಾಗವನ್ನು ಗ್ಯಾರಿಯಟ್ ಕುಟುಂಬದವರು ತಾವೇ ಸ್ಥಾಪಿಸಿದ ಒರಿಜಿನ್ ಸಂಸ್ಥೆಯಿಂದ ಹೊರತಂದುದರಿಂದ ಆಡಿದವರ ಕಾಗದಗಳು ನೇರವಾಗಿ ಕರ್ತೃವಿನ ಕೈಸೇರತೊಡಗಿದುವು. ಆಟದ ಪೆಟ್ಟಿಗೆಯ ಮೇಲಿದ್ದ ದೈತ್ಯನ ಚಿತ್ರವನ್ನು ಕಂಡು, ಇದು ಸೈತಾನನ ಪೂಜೆಯೆಂದು ದೂರಿದವರಿದ್ದರು. ಇದಕ್ಕಿಂತ ಅವರ ಮನಸ್ಸನ್ನು ಕಲಕಿದುದು ಬೇರೊಂದು. ಲೋಕರಕ್ಷಕನ ಪಾತ್ರವನ್ನು ವಹಿಸಿದ ಆಟಗಾರರು ಅಂಗಡಿಗಳನ್ನು ದೋಚಿ, ದಾರಿಹೋಕರನ್ನು ಕೊಂದು, ಸಿಕ್ಕ ಸುಲಭ ಮಾರ್ಗದಿಂದ ಗೆದ್ದಿದ್ದರು. ಹಾಗೆ ಮಾಡಬಾರದೆಂದು ಆಟ ಎಲ್ಲಿಯೂ ಹೇಳಿರಲಿಲ್ಲವಷ್ಟೆ. ನಾಲ್ಕನೆಯ ಭಾಗದ ಹುಟ್ಟಿಗೆ ಇದೇ ಕಾರಣವೆಂದು ಗ್ಯಾರಿಯಟ್ ಅವರು ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಈ ಆಟದಲ್ಲಿ ಕೊಲ್ಲಬೇಕಾದ ಖಳನಾಯಕನಿಲ್ಲ. ಬ್ರಿಟಾನಿಯ ಎಂಬ ನಾಡಿನಲ್ಲಿ ಶಾಂತಿಯಿದೆ, ರಾಜನಿದ್ದಾನೆ. ಜನರಿಗೆ ಬೇಕಾಗಿರುವುದು ಗುಣವಂತನಾಗಿ ಬಾಳಿ ತೋರಿಸುವ ಒಬ್ಬ ಮನುಷ್ಯ. ಎಂಟು ಗುಣಗಳಲ್ಲಿ ಪರಿಪೂರ್ಣನಾಗಿ ‘ಅವತಾರ’ನೆನಿಸಿಕೊಂಡು, ಪಾತಾಳದ ತಳದಲ್ಲಿರುವ ಪರಮ ಜ್ಞಾನದ ಗ್ರಂಥವನ್ನು ಕಾಣುವುದೇ ಆಟದ ಗುರಿ. ಅಂದಿನ ಮಾರುಕಟ್ಟೆಯಲ್ಲಿ ಇದು ಸಾಹಸವೇ ಸರಿ.

ಎಂಟು ಗುಣಗಳ ವ್ಯವಸ್ಥೆ ಕುತೂಹಲಕರವಾದುದು. ಸತ್ಯ, ಪ್ರೇಮ, ಧೈರ್ಯ ಎಂಬ ಮೂರು ಮೂಲತತ್ತ್ವಗಳು. ಸತ್ಯದಿಂದ ಪ್ರಾಮಾಣಿಕತೆ, ಪ್ರೇಮದಿಂದ ಕರುಣೆ, ಧೈರ್ಯದಿಂದ ಶೌರ್ಯ. ಸತ್ಯಪ್ರೇಮಗಳು ಕೂಡಿ ನ್ಯಾಯ, ಪ್ರೇಮಧೈರ್ಯಗಳು ಕೂಡಿ ತ್ಯಾಗ, ಸತ್ಯಧೈರ್ಯಗಳು ಕೂಡಿ ಮಾನ. ಮೂರೂ ಕೂಡಿದರೆ ಅಧ್ಯಾತ್ಮ. ಮೂರರಲ್ಲಿ ಒಂದೂ ಇಲ್ಲದಲ್ಲಿ ಉಳಿಯುವುದು ಅಹಂಕಾರವಾದುದರಿಂದ ಅದರ ಪ್ರತಿಪಕ್ಷವಾದ ವಿನಯ ಎಂಟನೆಯದು. ನೀತಿಶಾಸ್ತ್ರದ ದೃಷ್ಟಿಯಿಂದ ಈ ಕೊನೆಯ ಹೆಜ್ಜೆ ಸ್ವಲ್ಪ ಎಳೆದುತಂದುದೆನ್ನಬೇಕು. ಆದರೆ ಮೂರು ವಸ್ತುಗಳು ಇರುವ ಅಥವಾ ಇಲ್ಲದಿರುವ ಸಾಧ್ಯತೆಗಳು ಒಟ್ಟು ಎಂಟೇ ಎಂಬುದು ಗಣಿತ. ಎಲ್ಲ ಮನೆಗಳನ್ನೂ ತುಂಬದೆ ಗಣಕಯಂತ್ರದ ಕರ್ತೃವಿಗೆ ಸಮಾಧಾನವಿಲ್ಲ. ವಿನಯವೆಂಬುದು ಇಲ್ಲಿ ತತ್ತ್ವವಿಚಾರದಿಂದ ಹುಟ್ಟದೆ ಖಾಲಿ ಮನೆಯೊಂದನ್ನು ತುಂಬಬೇಕಾದ ಅಗತ್ಯದಿಂದ ಹುಟ್ಟಿತೆಂದರೆ ಅನ್ಯಾಯವಾಗಲಾರದು. ಗುಣಗಳನ್ನು ಹೀಗೆ ಲೆಕ್ಕದಿಂದ ಹುಟ್ಟಿಸಿದ ಕೃತಿ ಅವನ್ನು ಲೆಕ್ಕದಿಂದಲೇ ಅಳೆಯುತ್ತದೆಂಬುದನ್ನು ಮುಂದೆ ಕಾಣುವೆವು.

ಇನ್ನು ‘ಅವತಾರ’ವೆಂಬ ಶಬ್ದ. ಹಿಂದೂ ಧರ್ಮದ ಅವತಾರಕಲ್ಪನೆಯನ್ನು ಕುರಿತ ದೂರದರ್ಶನದ ಕಾರ್ಯಕ್ರಮವೊಂದರಿಂದ ಗ್ಯಾರಿಯಟ್ ಅವರಿಗೆ ಈ ಶಬ್ದ ದೊರೆಯಿತು. ಅವತಾರಪುರುಷನಿಗೆ ಹದಿನಾರು ಗುಣಗಳು ಕರಗತವಾಗಿರಬೇಕೆಂದು ಅದರಲ್ಲಿ ಕೇಳಿದರಂತೆ. ಮೂರು ಮೂಲತತ್ತ್ವಗಳಿಗೆ ಅವರ ಮೆಚ್ಚಿನ ‘ದಿ ವಿಝಾರ್ಡ್ ಆಫ್ ಆಝ್’ ಚಲನಚಿತ್ರದ ಆಸರೆಯಿದೆ: ಬುದ್ಧಿ, ಹೃದಯ, ಧೈರ್ಯಗಳನ್ನು ಅರಸುತ್ತ ಹೊರಟ ಮೂವರ ಕಥೆಯದು. ಪೆಟ್ಟಿಗೆಯಲ್ಲಿ ಈಜಿಪ್ಟಿನ ಪ್ರಾಣಚಿಹ್ನೆಯ ಲೋಹದ ಪದಕ. ಬಟ್ಟೆಯ ಭೂಪಟದ ಮೇಲೆ ಉತ್ತರ ಯೂರೋಪಿನ ರೂನ್ ಲಿಪಿ. ಧ್ಯಾನಕ್ಕೆ ಎಂಟು ಗುಡಿಗಳು, ಎಂಟು ಬೀಜಮಂತ್ರಗಳು. ಅಧ್ಯಾತ್ಮದ ಗುಡಿಯ ಮಂತ್ರ ‘ಓಂ’ ಎಂಬುದನ್ನು ಊಹಿಸಲು ನಮ್ಮ ವಿದ್ಯಾರ್ಥಿಗಳಿಗೆ ಕಷ್ಟವಾಗದು. ವಿನಯದ ಮಂತ್ರ ‘ಲಂ’ ಎಂಬುದನ್ನು ಮಾತ್ರ ಕೇಳಿಯೇ ತಿಳಿಯಬೇಕು. ಈ ಕಲಬೆರಕೆಯನ್ನು ಕಂಡು ನಗುವುದು ಸುಲಭ. ಗಮನಿಸಬೇಕಾದುದು ಅರ್ಥದ ತಿರುವು. ಅವತಾರವೆಂದರೆ ಇಳಿದು ಬರುವುದು. ಧಾತುವಿನಲ್ಲಿಯೇ ಆ ಅರ್ಥವಿದೆ. ಇಲ್ಲಿಯಾದರೋ ಸಾಮಾನ್ಯ ಮನುಷ್ಯನು ಮೆಟ್ಟಿಲು ಮೆಟ್ಟಿಲಾಗಿ ಏರಿ ಅವತಾರನಾಗುತ್ತಾನೆ. ಧರ್ಮಗ್ಲಾನಿಯಿಲ್ಲದ ಶಾಂತವಾದ ನಾಡಿನಲ್ಲಿ ಅವತಾರವಾಗುವುದೂ ನಮಗೆ ಹೊಸತೇ. ಮುಂದೆ ಈ ಶಬ್ದ ಇನ್ನಷ್ಟು ಸವೆಯಿತು: 1986ರ ಸುಮಾರಿಗೆ ಲ್ಯೂಕಾಸ್‌ಫಿಲ್ಮಿನವರ ‘ಹ್ಯಾಬಿಟಾಟ್’ ಆಟದಲ್ಲಿಯೂ, 1992ರ ‘ಸ್ನೋ ಕ್ರ್ಯಾಶ್’ ಕಾದಂಬರಿಯಲ್ಲಿಯೂ ಅದಕ್ಕೆ ತೆರೆಯ ಮೇಲಿನ ನಮ್ಮ ಗೊಂಬೆಯೆಂದಷ್ಟೇ ಅರ್ಥ. ಇಂದು ಜಗತ್ತೆಲ್ಲ ಬಳಸುತ್ತಿರುವುದು ಆ ಅರ್ಥವನ್ನೇ. ನಾಲ್ಕನೆಯ ‘ಅಲ್ಟಿಮ’ದಲ್ಲಿ ಅದು ಇನ್ನೂ ಗಳಿಸಬೇಕಾದ ಪದವಿ.

ಕೃತಿಯನ್ನು ಇಂದು ಆಡುವ ಬಗೆಗೆ ಸ್ವಲ್ಪ ಹೇಳಬೇಕು. 2011ರಲ್ಲಿ ಇದನ್ನು ಅಂತರಜಾಲದಲ್ಲಿ ಉಚಿತವಾಗಿ ಹಂಚಲಾಯಿತು. ನಾವು ಆಡಿದುದು 1987ರ ಐ.ಬಿ.ಎಂ. ಆವೃತ್ತಿಯನ್ನು, ಹಳೆಯ ಯಂತ್ರದ ನಡೆಯನ್ನು ಅನುಕರಿಸುವ ತಂತ್ರಾಂಶದ ನೆರವಿನಿಂದ. ಮೂಲ ಪ್ರಕಟಣೆ ಆ್ಯಪಲ್ ಯಂತ್ರದ ಎರಡನೆಯ ಮಾದರಿಗೆ. ಅದರ 64 ಕಿಲೋಬೈಟುಗಳ ಸ್ಮೃತಿಯಲ್ಲಿ ಅಗಲಕ್ಕೆ 256, ಉದ್ದಕ್ಕೆ 256 ಚೌಕಗಳ ಒಂದು ನಾಡನ್ನು ನಡೆಸಿದ ಜಾಣ್ಮೆಗೆ ತಲೆದೂಗಲೇಬೇಕು. ಕಣ್ಣಿಗೆ ಒಮ್ಮೆಗೆ ಕಾಣುವುದು ಹನ್ನೊಂದಕ್ಕೆ ಹನ್ನೊಂದು ಚೌಕ ಮಾತ್ರ. ಪ್ರತಿಯೊಂದು ಕ್ರಿಯೆಗೂ ಇಂಗ್ಲಿಷಿನ ಒಂದೊಂದು ಅಕ್ಷರ. ಎದುರಾದವರೊಡನೆ ಮಾತನಾಡಲು ಪ್ರಶ್ನೆಯನ್ನು ನಾವೇ ಟೈಪು ಮಾಡಬೇಕು: ಹೆಸರು, ಕಸುಬು, ಆರೋಗ್ಯ, ಅವರ ಉತ್ತರದಲ್ಲಿ ಬಂದ ಶಬ್ದವನ್ನು ಹಿಡಿದು ಮುಂದಿನ ಪ್ರಶ್ನೆ. ಒಬ್ಬನು ಮೂನ್‌ಗ್ಲೋದಲ್ಲಿ ಆಡಿದ ಮಾತಿನ ಅರ್ಥ ಮಿನಾಕಿನಲ್ಲಿ ಇನ್ನೊಬ್ಬನ ಮಾತಿನಿಂದ ಬಿಡಿಸಿಕೊಳ್ಳುತ್ತದೆ. ಆಟ ಯಾವುದನ್ನೂ ನಮಗಾಗಿ ಬರೆದಿಡುವುದಿಲ್ಲ. ಕಾಗದ ಪೆನ್ಸಿಲು ಹಿಡಿದು ಟಿಪ್ಪಣಿ ಮಾಡಿಕೊಳ್ಳದವನು ಒಂದು ವಾರದಲ್ಲಿ ಕೈಚೆಲ್ಲುವನು. ಆಕರಗಳನ್ನು ಹೋಲಿಸಿ ನೋಡುವ ಶಿಸ್ತನ್ನು ಕಲಿಸುವುದರಲ್ಲಿ ಈ ಭಾಗ ಇಂದಿಗೂ ಹಳಸಿಲ್ಲ; ಪ್ರಥಮ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ನಾವು ಹೇಳುವ ಸಂಶೋಧನ ವಿಧಾನದ ಪಾಠಕ್ಕಿಂತ ಅದು ಚೆನ್ನಾಗಿಯೇ ಕಲಿಸೀತು. ಹಳಸಿರುವುದು ಮಂತ್ರಗಳ ಮೂಲಿಕೆಗಳನ್ನು ಒಂದೊಂದಾಗಿ ಬೆರೆಸುವ ಕೆಲಸ, ಗಾಳಿಗೆ ಕಾಯುವ ಹಡಗಿನ ಪಯಣ, ಕೊನೆಯಿಲ್ಲದ ಕಾಳಗಗಳು.

ಪಾತ್ರದ ಆಯ್ಕೆಯನ್ನು ಆಟಗಾರನಿಗೆ ಬಿಟ್ಟಿಲ್ಲ. ಮೊದಲಿಗೆ ಕಣಿ ಹೇಳುವ ಜಿಪ್ಸಿ ಹೆಂಗಸೊಬ್ಬಳು ಎಂಟು ಗುಣಗಳ ಎಲೆಗಳನ್ನು ಎರಡೆರಡಾಗಿ ಹರವಿ ಏಳು ಪ್ರಶ್ನೆಗಳನ್ನು ಕೇಳುತ್ತಾಳೆ. ಎಣಿಸದ ಹೊನ್ನಿನ ಚೀಲವನ್ನು ಒಡೆಯನಿಗಾಗಿ ಒಯ್ಯುತ್ತಿರುವಾಗ ಭಿಕ್ಷುಕನೊಬ್ಬನು ಎದುರಾದರೆ, ಯಾರಿಗೂ ತಿಳಿಯದ ಒಂದು ನಾಣ್ಯವನ್ನು ಅವನಿಗೆ ಕೊಡುವೆಯೊ, ಚೀಲವನ್ನು ನಂಬಿಕೆಗೆ ತಕ್ಕಂತೆ ಹಾಗೆಯೇ ಮುಟ್ಟಿಸುವೆಯೊ? ಪ್ರಾಮಾಣಿಕತೆಗೂ ಕರುಣೆಗೂ ಹೀಗೆ ಹೊಡೆದಾಟ. ಎರಡೂ ಒಳ್ಳೆಯವೇ, ಒಂದನ್ನು ಬಿಡಲೇಬೇಕು. ಗೆದ್ದ ಗುಣಗಳು ಮತ್ತೆ ಪರಸ್ಪರ ಎದುರಾಗಿ, ಕೊನೆಗೆ ಉಳಿದ ಗುಣಕ್ಕೆ ತಕ್ಕ ಕಸುಬು ಆಟಗಾರನದಾಗುತ್ತದೆ: ಕರುಣೆಗೆ ಗಾಯಕ, ತ್ಯಾಗಕ್ಕೆ ಕುಶಲಕರ್ಮಿ, ವಿನಯಕ್ಕೆ ಕುರುಬ. ಇದು ಕೃತಿಯ ಅತ್ಯುತ್ತಮ ಭಾಗವೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಧರ್ಮಸಂಕಟವೆಂಬುದನ್ನು ಐದು ನಿಮಿಷಗಳಲ್ಲಿ ಹೀಗೆ ಅನುಭವಕ್ಕೆ ತಂದುಕೊಡುವ ಉಪಾಯ ಅಂದಿನ ಆಟಗಳಲ್ಲಿ ಬೇರೆಲ್ಲಿಯೂ ನಮಗೆ ಕಂಡಿಲ್ಲ.

ಆದರೆ ಆ ಹೆಂಗಸು ಮರೆಯಾದ ಮೇಲೆ ಧರ್ಮಸಂಕಟವೂ ಮರೆಯಾಗುತ್ತದೆ. ಬ್ರಿಟಾನಿಯದೊಳಗೆ ಹೆಜ್ಜೆಯಿಟ್ಟ ಕ್ಷಣದಿಂದ ಒಂದು ಗುಣ ಇನ್ನೊಂದಕ್ಕೆ ಅಡ್ಡಬರುವುದೇ ಇಲ್ಲ. ಭಿಕ್ಷುಕನಿಗೆ ಕೊಡುವ ನಾಣ್ಯ ಯಾವಾಗಲೂ ನಮ್ಮದೇ. ಪ್ರಶ್ನೆಯಲ್ಲಿದ್ದ ಚೀಲ, ಒಡೆಯ, ನಂಬಿಕೆ ಯಾವುದೂ ಆಟದಲ್ಲಿ ಮರಳಿ ಬಾರವು. ಈ ಲೋಪವನ್ನು ಹೊಗಳುವವರು ಸಾಮಾನ್ಯವಾಗಿ ಕಾಣುವುದಿಲ್ಲ. ಖಳನಿಲ್ಲದ ಆಟವೆಂಬ ಮೆಚ್ಚುಗೆಯಲ್ಲಿಯೇ ಅವರ ವಿಮರ್ಶೆ ಮುಗಿಯುತ್ತದೆ.

ಸಂಕಟದ ಸ್ಥಾನದಲ್ಲಿ ಬಂದು ಕುಳಿತಿರುವುದು ಖಾತೆಪುಸ್ತಕ. ಪ್ರತಿಯೊಂದು ಗುಣಕ್ಕೂ ಕಣ್ಣಿಗೆ ಕಾಣದ ಒಂದು ಅಂಕೆಯಿದೆ. ಅದು 99ನ್ನು ಮುಟ್ಟಿದಾಗ ಆ ಗುಣದ ಗುಡಿಯಲ್ಲಿ ಧ್ಯಾನಮಾಡಿದರೆ ಅವತಾರತ್ವದ ಎಂಟನೆಯ ಒಂದು ಪಾಲು ಲಭಿಸುತ್ತದೆ. ಅಂಕೆಯನ್ನು ಆಟ ತೋರಿಸದು. ಅರಮನೆಯಲ್ಲಿರುವ ಹಾಕ್‌ವಿಂಡ್ ಎಂಬ ಜ್ಞಾನಿಯನ್ನು ಕೇಳಿದರೆ ಸ್ಥೂಲವಾಗಿ ಒಂದು ಮಾತು ಹೇಳುವನು. ಚಿತ್ರಗುಪ್ತನ ಲೆಕ್ಕವನ್ನು ಬಲ್ಲ ನಮಗೆ ಇದರಲ್ಲಿ ಹೊಸತೇನೂ ಇಲ್ಲವೆನ್ನಬಹುದು. 1985ರ ಆಟಗಾರನಿಗಾದರೋ ಇದು ತೀರ ಹೊಸತು: ತಾನು ಮಾಡಿದುದನ್ನು ಯಂತ್ರ ನೋಡುತ್ತಿದೆ, ಏನೆಂದು ಬರೆದುಕೊಳ್ಳುತ್ತಿದೆಯೋ ತಿಳಿಯದು. ಆ ತಿಳಿಯದಿರುವಿಕೆಯಲ್ಲಿಯೇ ಕೃತಿಯ ನೈತಿಕ ಬಲವಿತ್ತು.

ಇಂದು ಆ ಖಾತೆ ಬಯಲಾಗಿದೆ. ಆಸಕ್ತರು ಕ್ರಮವಿಧಿಯನ್ನು ಬಿಡಿಸಿ ಎಲ್ಲ ಅಂಕೆಗಳನ್ನೂ ಪ್ರಕಟಿಸಿದ್ದಾರೆ. ಯಾರು ಬೇಕಾದರೂ ಓದಬಹುದು. ಭಿಕ್ಷೆ ಕೊಟ್ಟರೆ ಕರುಣೆಗೆ 2 ಅಂಕ, ಕೊಟ್ಟುದು ಒಂದು ನಾಣ್ಯವಾಗಲಿ ನೂರಾಗಲಿ. ವೈದ್ಯಶಾಲೆಯಲ್ಲಿ ರಕ್ತದಾನ ಮಾಡಿದರೆ ತ್ಯಾಗಕ್ಕೆ 5, ಒಲ್ಲೆನೆಂದರೆ ಅಷ್ಟೇ ಕಡಿತ. ಜಂಬದ ಉತ್ತರಕ್ಕೆ ವಿನಯದಲ್ಲಿ 5 ಕಡಿತ. ಮೂಲಿಕೆ ಮಾರುವವಳು ಕುರುಡಿ. ಬೆಲೆ ಹೇಳುತ್ತಾಳೆ, ಹಣವನ್ನು ನಾವೇ ಎಣಿಸಿ ಕೊಡಬೇಕು. ಕಡಿಮೆ ಕೊಟ್ಟರೆ ಅವಳಿಗೆ ತಿಳಿಯುವುದಿಲ್ಲ, ಆದರೆ ಪ್ರಾಮಾಣಿಕತೆ, ನ್ಯಾಯ, ಮಾನ ಮೂರರಲ್ಲಿಯೂ ಹತ್ತು ಹತ್ತು ಕಡಿತ. ಊರಿನ ಮನೆಯೊಂದಕ್ಕೆ ನುಗ್ಗಿ ಪೆಟ್ಟಿಗೆಯನ್ನು ದೋಚಿದರೆ ಅದೇ ಮೂರರಲ್ಲಿ ಒಂದೊಂದು ಮಾತ್ರ. ಕಳವಿಗಿಂತ ಕುರುಡಿಗೆ ಮಾಡಿದ ಮೋಸ ಹತ್ತು ಪಾಲು ಹೀನವೆಂಬ ಈ ತೀರ್ಪು ಯಾವ ಧರ್ಮಶಾಸ್ತ್ರದಲ್ಲಿಯೂ ಬರೆದುದಲ್ಲ. ಇಪ್ಪತ್ತನಾಲ್ಕು ವಯಸ್ಸಿನ ತರುಣನೊಬ್ಬನ ಮನಸ್ಸಿನ ನೇರವಾದ ಮಾತು. ಬಡವನ ಒಂದು ಕಾಸಿಗೂ ಸಿರಿವಂತನ ನೂರು ಹೊನ್ನಿಗೂ ಒಂದೇ ಪುಣ್ಯವೆಂಬುದೂ ಹಾಗೆಯೇ. ಪೆಟ್ಟಿಗೆಯೊಡನೆ ಕೊಟ್ಟ ‘ಬ್ರಿಟಾನಿಯದ ಇತಿಹಾಸ’ವೆಂಬ ಪುಸ್ತಕದ ಗಂಭೀರ ಗದ್ಯಕ್ಕಿಂತ ಈ ಅಂಕೆಗಳ ಪಟ್ಟಿ ಕರ್ತೃವಿನ ನೀತಿಪ್ರಜ್ಞೆಗೆ ಹೆಚ್ಚು ನಂಬತಕ್ಕ ಆಕರವೆಂದು ನಮ್ಮ ಅಭಿಪ್ರಾಯ. ದೊರೆಯ ಪ್ರಶಸ್ತಿಯನ್ನು ಹೊಗಳುಭಟರು ಬರೆಯುತ್ತಾರೆ. ತೆರಿಗೆಯ ಕಡತ ಬೇರೆಯದನ್ನು ಹೇಳುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಅಂಕೆ ತಿಳಿದವನು ಭಿಕ್ಷುಕನ ಮುಂದೆ ನಿಂತು, ಪುಣ್ಯ ಮತ್ತೆ ಜಮೆಯಾಗಲು ಬೇಕಾದಷ್ಟು ಹೆಜ್ಜೆ ಆಚೀಚೆ ಅಡ್ಡಾಡಿ, ಒಂದೊಂದು ನಾಣ್ಯವನ್ನು ಹಾಕುತ್ತ ಕರುಣಾಳುವಾಗಬಹುದು. ನಾವು ಮಾಡಿ ನೋಡಿದೆವು. ಅರ್ಧ ತಾಸು ಹಿಡಿಯುವುದಿಲ್ಲ. ನಮ್ಮ ಪರಮಪದ ಸೋಪಾನ ಪಟವನ್ನು ಇಲ್ಲಿ ನೆನೆಯಬೇಕು. ಅದರಲ್ಲಿ ಗುಣಗಳು ಏಣಿ, ದುರ್ಗುಣಗಳು ಹಾವು. ಮೇಲಿನ ಮನೆ ಮೋಕ್ಷ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದು ಇಂಗ್ಲೆಂಡಿಗೆ ಹೋಗಿ, ಕ್ರಮೇಣ ನೀತಿಯನ್ನು ಕಳೆದುಕೊಂಡು ಬರಿಯ ಹಾವು ಏಣಿಯಾಗಿ ಉಳಿಯಿತು. ಪಟದ ಮೇಲೆ ಹಾವೂ ಏಣಿಯೂ ಎಲ್ಲರಿಗೂ ಕಾಣುವಂತಿವೆ, ಕುರುಡಾಗಿರುವುದು ದಾಳ. ಏರುವುದೂ ಜಾರುವುದೂ ನಮ್ಮ ಕೈಯಲ್ಲಿಲ್ಲ, ಕರ್ಮದ ಕೈಯಲ್ಲಿದೆ. ‘ಅಲ್ಟಿಮ’ದಲ್ಲಿ ಇದು ತಿರುಗುಮುರುಗಾಗಿದೆ: ನಡೆ ಪೂರ್ತಿಯಾಗಿ ನಮ್ಮದು, ಕಾಣದಿರುವುದು ಏಣಿ. ಎರಡರಲ್ಲಿ ಒಂದು ಮರೆಯಲ್ಲಿರಬೇಕು. ನಡೆಯೂ ಸ್ವತಂತ್ರವಾಗಿ ಏಣಿಯೂ ಕಂಡರೆ ಉಳಿಯುವುದು ವ್ಯಾಪಾರ. ಇಂದು ಈ ಆಟವನ್ನು ಆಡುವವನ ಗತಿ ಅದೇ. ಅಂಕೆಗಳನ್ನು ಓದದೆ ಆಡಬೇಕೆಂದು ವಿದ್ಯಾರ್ಥಿಗಳಿಗೆ ಹೇಳಬಹುದಾದರೂ, ಓದಬಹುದಾದುದನ್ನು ಓದದಿರುವವನು 1985ರವನಂತೆ ಅರಿಯದವನಾಗಲಾರನು.

ಕ್ರಮವಿಧಿಯಲ್ಲಿ ಇನ್ನೊಂದು ವಿಚಿತ್ರವಿದೆ. ಗುಣವೊಂದು 99ನ್ನು ಮುಟ್ಟಿ ಗುಡಿಯಲ್ಲಿ ಸಿದ್ಧಿಯಾದೊಡನೆ ಯಂತ್ರ ಅದರ ಖಾತೆಯಲ್ಲಿ ಸೊನ್ನೆಯನ್ನು ಬರೆಯುತ್ತದೆ. ಎಂಟು ಗುಣಗಳೂ ಸಿದ್ಧಿಸಿದವನ ಕಡತದಲ್ಲಿ ಎಂಟು ಸೊನ್ನೆಗಳು! ‘ಶೂನ್ಯಸಂಪಾದನೆ’ಯ ನಾಡಿನವರಾದ ನಾವು ಇದನ್ನು ಕಂಡು ಪುಳಕಿತರಾಗಿ ಬಯಲು ನಿರ್ಬಯಲುಗಳ ಮಾತೆತ್ತುವ ಅಪಾಯವಿದೆ. ಅಂತಹ ಆಸೆಯನ್ನು ತಡೆಯತಕ್ಕುದು. ಸಿದ್ಧಿಯನ್ನು ಗುರುತಿಸಲು ಬೇರೊಂದು ಸ್ಥಾನವನ್ನು ವ್ಯಯಿಸದೆ ಇದ್ದುದರಲ್ಲಿಯೇ ಉಳಿಸಿದ ಮಿತವ್ಯಯವದು. ಅಲ್ಲಮನಿಗೂ ಅದಕ್ಕೂ ನಂಟಿಲ್ಲ.

ನಮಗೆ ಮುಖ್ಯವೆನಿಸಿದ ಆಕ್ಷೇಪವೇ ಬೇರೆ. ಲೆಕ್ಕವಿಡುವುದು ತಪ್ಪಲ್ಲ, ಲೆಕ್ಕದ ಶೀರ್ಷಿಕೆಗಳನ್ನು ಯಾರು ಬರೆದರೆಂಬುದು ಪ್ರಶ್ನೆ. ಕಾಳಗದಲ್ಲಿ ಶೌರ್ಯ ಓಡಬೇಡವೆನ್ನುತ್ತದೆ, ಕರುಣೆ ಕೊಲ್ಲಬೇಡವೆನ್ನುತ್ತದೆ. ಆಟದೊಳಗೆ ಧರ್ಮಸಂಕಟ ಹುಟ್ಟಬಹುದಾಗಿದ್ದ ಒಂದೇ ಸ್ಥಳವಿದು. ಕರ್ತೃ ಅದನ್ನು ಪರಿಹರಿಸಿದುದು ಹೀಗೆ: ಪ್ರಾಣಿಗಳನ್ನು ದುಷ್ಟ, ಅದುಷ್ಟ ಎಂದು ಮೊದಲೇ ಎರಡಾಗಿ ಪಟ್ಟಿಮಾಡಿದನು. ದುಷ್ಟವಾದುದರ ಎದುರಿನಿಂದ ಓಡಿದರೆ ಶೌರ್ಯಕ್ಕೆ ಹಾನಿ; ಅದುಷ್ಟವಾದುದರಿಂದ ಹಿಂದೆಗೆದರೆ ಕರುಣೆಗೂ ನ್ಯಾಯಕ್ಕೂ ಲಾಭ. ಪಟ್ಟಿಯಿದ್ದಮೇಲೆ ಸಂಕಟವೆಲ್ಲಿ? ಹೀಗೆ ಖಳನಿಲ್ಲದ ಆಟದಲ್ಲಿ ಆಟಗಾರನು ಗೆಲ್ಲುವ ಮೊದಲು ನೂರಾರು ಜೀವಗಳನ್ನು ಕೊಂದು, ಕೈ ಕೊಳೆಯಾಗದೆ, ಗುಣಪರಿಪೂರ್ಣನೆನಿಸುತ್ತಾನೆ. ಮೋಸಹೋದ ಕುರುಡಿಯೂ ಮರುದಿನ ಏನೂ ನಡೆಯದವಳಂತೆ ಬೆಲೆ ಹೇಳುತ್ತಾಳೆ. ಅವಳಲ್ಲಿ ಕ್ಷಮೆ ಕೇಳುವ ದಾರಿಯಿಲ್ಲ. ಹತ್ತು ಅಂಕವನ್ನು ಸರಿಯಾದ ಬೆಲೆಕೊಟ್ಟು ಎರಡೆರಡಾಗಿ ತುಂಬಿಕೊಳ್ಳುವ ದಾರಿಯಿದೆ. ಬ್ರಿಟಾನಿಯದಲ್ಲಿ ಪಾಪವೆಂಬುದು ಖಾತೆಗೆ ಮಾಡಿದ ಅಪರಾಧ, ಮನುಷ್ಯರಿಗೆ ಮಾಡಿದುದಲ್ಲ.

ಈ ಆಕ್ಷೇಪ ನಮ್ಮಿಂದಲೇ ಮೊದಲಾದುದಲ್ಲ. ಅದನ್ನು ಮೊದಲು ಎತ್ತಿದವರು ಗ್ಯಾರಿಯಟ್ ಅವರೇ ಎಂಬುದು ಈ ಮಾಲೆಗೆ ಇತಿಹಾಸಕಾರನು ಸಲ್ಲಿಸಬೇಕಾದ ದೊಡ್ಡ ಗೌರವ. 1988ರ ಐದನೆಯ ಭಾಗದಲ್ಲಿ ರಾಜನು ಕಾಣೆಯಾಗಿ, ಬ್ಲ್ಯಾಕ್‌ಥಾರ್ನ್ ಎಂಬವನ ಆಳ್ವಿಕೆಯಲ್ಲಿ ಎಂಟು ಗುಣಗಳೂ ಎಂಟು ಶಾಸನಗಳಾಗಿವೆ. ವರಮಾನದ ಅರ್ಧವನ್ನು ದಾನಮಾಡದವನಿಗೆ ವರಮಾನವೇ ಇಲ್ಲದಂತೆ ಮಾಡುವ ಕಾನೂನು ಅವುಗಳಲ್ಲೊಂದು. ನಾಲ್ಕನೆಯ ಭಾಗದ ಕಾಣದ ಖಾತೆ ಇಲ್ಲಿ ಕೊತ್ವಾಲನ ಕೈಗೆ ಬಂದಿದೆ. 1990ರ ಆರನೆಯ ಭಾಗ ಇನ್ನೂ ಮುಂದೆ ಹೋಗುತ್ತದೆ. ಅದರ ಉಪನಾಮ ‘ಸುಳ್ಳು ಪ್ರವಾದಿ’ ಎಂದು ಅರ್ಥಕೊಡುತ್ತದೆ. ಬ್ರಿಟಾನಿಯದ ಮೇಲೆ ದಾಳಿಮಾಡುವ ಗಾರ್ಗಾಯ್ಲರು ರೂಪದಲ್ಲಿ ದೈತ್ಯರು. ಹಳೆಯ ಪಟ್ಟಿಯ ಪ್ರಕಾರ ಕೊಲ್ಲತಕ್ಕವರು, ಆಟಗಾರನೂ ಕೊಲ್ಲಲು ತೊಡಗುತ್ತಾನೆ. ಅವರ ಭಾಷೆಯನ್ನು ಕಲಿತು ಅವರ ಗ್ರಂಥವನ್ನು ಓದಿದಾಗ ತಿಳಿಯುವುದೇನೆಂದರೆ, ನಾಲ್ಕನೆಯ ಭಾಗದಲ್ಲಿ ನಾವು ಕಂಡ ಜ್ಞಾನಗ್ರಂಥ ಅವರದಾಗಿತ್ತು. ಅದು ಬ್ರಿಟಾನಿಯದ ಪಾಲಾದುದರಿಂದ ಅವರ ಲೋಕ ಕುಸಿಯಿತು. ಅವರ ಪುರಾಣದಲ್ಲಿ ಸುಳ್ಳು ಪ್ರವಾದಿಯೆಂದು ವರ್ಣಿತನಾದವನು ಬೇರಾರೂ ಅಲ್ಲ, ಅವತಾರನೇ. ಅವರಿಗೂ ಮೂರು ಮೂಲತತ್ತ್ವಗಳಿವೆ, ಅವುಗಳಿಂದ ಹುಟ್ಟಿದ ಎಂಟು ಗುಣಗಳಿವೆ. ಸತ್ಯ, ಪ್ರೇಮ, ಧೈರ್ಯಗಳ ಬದಲು ಸಂಯಮ, ಆಸಕ್ತಿ, ಶ್ರದ್ಧೆ.

ಆದಕಾರಣ ನಾಲ್ಕನೆಯ ಭಾಗವೊಂದನ್ನೇ ಬಿಡಿಯಾಗಿ ಪಾಠಕ್ಕಿಡುವುದನ್ನು ನಾವು ಒಪ್ಪುವುದಿಲ್ಲ. ಅದನ್ನು ಕಡೆಯವರೆಗೆ ಆಡಿದ ವಿದ್ಯಾರ್ಥಿ, ಆರನೆಯ ಭಾಗದಲ್ಲಿ ಗಾರ್ಗಾಯ್ಲರ ಗ್ರಂಥವನ್ನು ಓದುವ ಹೊತ್ತಿಗೆ ತನ್ನ ಹಳೆಯ ಟಿಪ್ಪಣಿಗಳನ್ನು ಪಕ್ಕದಲ್ಲಿಟ್ಟುಕೊಂಡಿರಬೇಕು. ಯಾವ ಪುಟದಲ್ಲಿ ಯಾವ ಪ್ರಾಣಿಯ ಹೆಸರಿನ ಮುಂದೆ ‘ದುಷ್ಟ’ ಎಂದು ತಾನೇ ಬರೆದುಕೊಂಡಿದ್ದನೆಂಬುದನ್ನು ಅವನು ಆಗ ಹುಡುಕಿ ನೋಡಬಹುದು.